ನನ್ನ ಹೆಸರಿನ ಜಹಾಜು

ಕಸುಬಿಗೆ ತಕ್ಕ ಹಾಗೆ ಮನುಷ್ಯನ ಭಯಗಳೂ ಇರುತ್ತವೆ ಎಂದು ನನ್ನ ನಂಬಿಕೆ. ಶಹಾಬಾದದಲ್ಲಿ ಇಷ್ಟು ವರ್ಷ ನೆಲಕ್ಕೆ ಹಾಸುವ ಫರಸಿಕಲ್ಲು ಕೊಯ್ದು, ಪಾಲಿಶ್ ಮಾಡಿ ಮಾರಿದ ನನಗೆ ನೀರೆಂದರೆ ಭಯ. ನಾನು ಮಾರಿದ ಯಾವ ವಸ್ತುವೂ ಈವರೆಗೆ ತೇಲಿಲ್ಲ. ಇಂಥವನು ಒಂದು ಹಾಯಿದೋಣಿಗೆ, ದೊಡ್ಡವರು ಯಾಟ್ ಎನ್ನುವ ಸಾಮಾನಿಗೆ ಮಾಲೀಕನಾದದ್ದಕ್ಕೆ ಕಾರಣ ನನ್ನ ಅಕ್ಕನ ಅಳಿಯ ಯಾನ್.

ಯಾನ್ ಹಾಲೆಂಡಿನವನು. ಸಿಮೆಂಟ್ ಕಾರ್ಖಾನೆಯ ಯಂತ್ರ ಕೂರಿಸಲು ಬಂದವನು ನಮ್ಮ ಸವಿತಾಳನ್ನು ಮದುವೆಯಾಗಿ, ಜೋಳದ ರೊಟ್ಟಿಗೂ ನಮ್ಮ ಬಿಸಿಲಿಗೂ ಒಗ್ಗಿಕೊಂಡ. ಒಗ್ಗದೆ ಉಳಿದದ್ದು ಒಂದೇ: ಎದುರಿಗೆ ಕಾಗಿಣಾ ನದಿ ಇದ್ದೂ ಅದರ ಮೇಲೆ ಹಾಯಿ ಇಲ್ಲದಿರುವುದು. ಮುಂಬೈಯಲ್ಲಿ ಒಂದು ಹಳೆಯ ದೋಣಿ ಕೊಂಡ. ಕಲ್ಲು ಇಳಿಸಿ ಖಾಲಿ ಬರುತ್ತಿದ್ದ ನನ್ನದೇ ಲಾರಿಯಲ್ಲಿ ಅದು ಊರಿಗೆ ಬಂತು. ಓಣಿಯ ಜನ ಮುಟ್ಟಿ ನೋಡಿ ಅದಕ್ಕೆ ಜಹಾಜು ಎಂದೇ ಹೆಸರಿಟ್ಟರು.

ನೋಂದಣಿಗೆ ಹೋದೆವು. ಕಚೇರಿಯ ಗುಮಾಸ್ತ ಯಾನನ ಮುಖ ನೋಡಿ, ದೋಣಿಯ ಫೋಟೋ ನೋಡಿ, ನನಗೆ ಹೇಳಿದ: "ಪರದೇಶದವರ ಹೆಸರಿಗಂದ್ರ ಕಾಗದ ಮ್ಯಾಲಿನ ಆಫೀಸಿಗಿ ಹೋಗಬೇಕ್ರಿ. ಯಾವಾಗ ಬರತದೋ ಗೊತ್ತಿಲ್ಲ. ನಿಮ್ಮ ಹೆಸರಿಲೆ ಮಾಡ್ರಿ, ಇವತ್ತೇ ಮುಗೀತದ."

ಸವಿತಾ ನನ್ನ ಕಡೆ ನೋಡಿದಳು. "ಮಾಮಾ, ಬರೇ ಹೆಸರು ಅಷ್ಟ. ನೀರಿಗಿ ಇಳಿ ಅಂತ ಯಾರ ಅಂತಾರ?"

ಹೀಗೆ ನಾನು ಮಾಲೀಕನಾದೆ.

ಮುಂದಿನ ತೊಂದರೆ, ಅದನ್ನು ಕಟ್ಟುವುದೆಲ್ಲಿ ಎಂಬುದು. ದಂಡೆಯಲ್ಲಿ ಆಳವೂ ನೆರಳೂ ಇರುವುದು ಒಂದೇ ಕಡೆ, ಅದು ಬಟ್ಟೆ ಒಗೆಯುವ ಹೆಂಗಸರ ಜಾಗ. ಅವರ ಮುಂದಾಳು ಗಂಗವ್ವ, ತಲೆಮಾರುಗಳಿಂದ ನದಿಯ ಪಕ್ಕದಲ್ಲೇ ಇರುವ ಮನೆತನದವಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಕೇಳಿದಳು: "ಯಾರದ್ರಿ ಇದು?"

ಯಾನ್ ನನ್ನ ಕಡೆ ಬೆರಳು ತೋರಿಸಿದ. "ಮಾಮಾಂದು."

"ಹಂಗಾದ್ರ ಮಾಮಾ ಮೊದಲ ಕುಂದ್ರಲಿ. ನಾನೂ ಕುಂದರತೀನಿ. ಮುಳುಗಲಿಲ್ಲಂದ್ರ ಕಟ್ರಿ."

ಒಗೆಯುವ ಕೈಗಳೆಲ್ಲ ನಿಂತವು, ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಮರ್ಯಾದೆಯ ಪ್ರಶ್ನೆ. ಹತ್ತಿ ಕುಳಿತೆ. ಗಂಗವ್ವ ಹಿಂದೆ ಕುಳಿತಳು. ಯಾನ್ ದಂಡೆಯ ಮೇಲೆ ಹಗ್ಗ ಹಿಡಿದು, ಜನ ನೋಡಲಿ ಎಂದು ಮೊದಲೇ ಏರಿಸಿಟ್ಟಿದ್ದ ಹಾಯಿಯ ಬಗ್ಗೆ ತನ್ನ ಕನ್ನಡದಲ್ಲಿ ಭಾಷಣ ಶುರು ಮಾಡಿದ್ದ. ಅಷ್ಟರಲ್ಲಿ ಗಾಳಿ ಬಂತು. ಹಾಯಿ ಉಬ್ಬಿತು. ಹಗ್ಗ ಅವನ ಕೈಯಿಂದ ಜಾರಿತು.

ದಂಡೆ ದೂರ ಸರಿಯತೊಡಗಿದಾಗ ಮನೆದೇವರ ಹೆಸರು ಬಿಟ್ಟು ಉಳಿದೆಲ್ಲ ದೇವರ ಹೆಸರೂ ನನ್ನ ಬಾಯಿಗೆ ಬಂತು. ಯಾನ್ ಸೊಂಟದ ತನಕ ನೀರಿಗಿಳಿದು, "ಕೋಲು! ಹಿಂದಿನ ಕೋಲು!" ಎಂದು ಕೂಗುತ್ತಿದ್ದ. ಗಂಗವ್ವ ಚುಕ್ಕಾಣಿಯ ಕೋಲನ್ನು ಎಡಕ್ಕೆ ನೂಕಿದಳು, ದೋಣಿ ಬಲಕ್ಕೆ ವಾಲಿತು. ಬಲಕ್ಕೆ ನೂಕಿದಳು, ಎಡಕ್ಕೆ ವಾಲಿತು.

"ಏನ್ ಮಾಡ್ಲಿಕತ್ತೀ ಗಂಗವ್ವಾ?"

"ನನಗೇನ್ ಗೊತ್ರಿ, ಆದ್ರ ಭಾಳ ಛಲೋ ಅನಸ್ಲಿಕತ್ತದ," ಎಂದಳು. ನಗುತ್ತಿದ್ದಳು.

ತಿರುಗಿ ನೋಡಿದೆ. ನೀರು ಮಿನುಗುತ್ತಿತ್ತು, ಹಾಯಿ ಪಟಪಟ ಎನ್ನುತ್ತಿತ್ತು, ನನ್ನ ಎದೆಯೂ ಅಷ್ಟೇ ಜೋರಾಗಿ ಬಡಿಯುತ್ತಿತ್ತು. ಅದು ಭಯವಲ್ಲ ಎಂದು ತಿಳಿಯಲು ನಡುನೀರಿನವರೆಗೆ ಹೋಗಬೇಕಾಯಿತು. ಆಚೆ ದಂಡೆಯ ಮರಳಿಗೆ ಹೋಗಿ ತಾಗಿದೆವು. ಎಮ್ಮೆ ಮೈ ತೊಳೆಯುತ್ತಿದ್ದವನೊಬ್ಬ, "ಯಾರ ಜಹಾಜ್ರಿ?" ಎಂದ. ಎದೆಯುಬ್ಬಿಸಿ "ನಮ್ಮದು" ಎಂದೆ.

ಗಂಗವ್ವ ಜಾಗ ಬಿಟ್ಟುಕೊಟ್ಟಳು. ಬಾಡಿಗೆ ಎಂದರೆ ಅವಳಿಗೆ ವಾರಕ್ಕೊಂದು ಸವಾರಿ.

ಹೋದ ತಿಂಗಳು ಮೇಲಿನ ಆಫೀಸು ಕಣ್ಣು ತೆರೆಯಿತು. ಪರದೇಶದವರ ಹೆಸರಿಗೂ ಮಾಡಿಕೊಡಬಹುದಂತೆ, ಹಳೆಯ ಮಾಲೀಕ ಸಹಿ ಹಾಕಿದರೆ ಸಾಕಂತೆ. ಸವಿತಾ ಸಂಭ್ರಮದಿಂದ ಬಂದು ಹೇಳಿದಳು. ನಾನು ಕನ್ನಡಕ ಸಿಗುತ್ತಿಲ್ಲ ಎಂದೆ. ಮರುದಿನ ಬಂದಾಗ ಕೈ ನೋಯುತ್ತಿದೆ ಎಂದೆ. ಮೂರನೆಯ ಸಲ ನನ್ನ ಹೆಂಡತಿಯೇ ಒಳಗಿನಿಂದ, "ಅವರ ಜಹಾಜ ಅವರಿಗಿ ಕೊಡ್ರಿ, ಈಜಾಕ ಸುದ್ದಾ ಬರಂಗಿಲ್ಲ ನಿಮಗ," ಎಂದಳು.

ಸಹಿ ಹಾಕಿದ್ದೇನೆ. ಆದರೂ ಪ್ರತಿ ಭಾನುವಾರ ಹಾಯಿಯ ನಡುಗಂಬವನ್ನು ಎರಡೂ ಕೈಯಿಂದ ತಬ್ಬಿ ಕುಳಿತು, ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಯಾನನಿಗೆ ಅಪ್ಪಣೆ ಕೊಡುತ್ತೇನೆ. ಅವನು ಪ್ರತಿ ಸಲವೂ "ಆಯ್ತು ಮಾಮಾ" ಎಂದು ಗೌರವದಿಂದ ತಲೆಯಾಡಿಸಿ, ಗಂಗವ್ವ ಹೇಳಿದ ಕಡೆಗೆ ತಿರುಗಿಸುತ್ತಾನೆ.