ರೊಟ್ಟಿ ಅಂಗಡಿಯ ಹಿಟ್ಸು

ಯಾರು ಬಂದರು, ಯಾಕೆ ಬಂದರು, ಏನು ಕೇಳಿದರು, ಏನು ಸಿಗದೆ ಮುಖ ಗಂಟು ಹಾಕಿಕೊಂಡು ಹೋದರು ಎಂದು ತಿಳಿದುಕೊಳ್ಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಇದನ್ನು ಕೆಟ್ಟ ಚಟ ಎನ್ನುವವರಿದ್ದಾರೆ. ಅವರೂ ಕಿಟಕಿಯ ಹಿಂದೆ ನಿಂತೇ ಹಾಗೆನ್ನುತ್ತಾರೆ. ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ರೊಟ್ಟಿ ಅಂಗಡಿ ಇದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾರುತ್ತೇವೆ. ಕೊಳ್ಳಲು ಬರುವವನ ನಡಿಗೆ ಬೇರೆ, ಹೊಸಹಳ್ಳಿ ಬಸ್ಸು ಬರುವ ತನಕ ನೆರಳಿಗೆ ನಿಲ್ಲುವವನ ನಡಿಗೆ ಬೇರೆ. ಕೂತಲ್ಲೇ ಗೊತ್ತಾಗುತ್ತದೆ. ಕಂಪ್ಯೂಟರಿನ ಅಂಗಡಿಯಲ್ಲಿ ಬಂದವರ ಮುಖವೇ ಕಾಣುವುದಿಲ್ಲವಂತೆ. ಮುಖ ಕಾಣದ್ದು ಯಾತರ ವ್ಯಾಪಾರ ಎಂದು ಮೊದಲೇ ಹೇಳಿದ್ದೆ. ನನ್ನ ಮಾತನ್ನು ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ಕೇಳಿ, ತಮಗೆ ಬೇಕಾದ್ದು ಮಾಡುತ್ತಾರೆ.

ಹಾಗೆ ನನ್ನ ಸೊಸೆ ಶೋಭಾ ಪಕ್ಕದ ಓಣಿಯ ನಸೀಮಾಳಿಂದ ವೆಬ್‌ಸೈಟ್ ಮಾಡಿಸಿದಳು. ನಸೀಮಾ ಗ್ಯಾರೇಜಿನವರ ಮಗಳು, ಕಂಪ್ಯೂಟರ್ ಕಲಿಸುವವಳು. ಒಂದು ದಿನ ಶೋಭಾ ಒಳಗಿಂದ ಕೂಗಿದಳು: "ಅತ್ತೀ, ಒಂದ ದಿನದಾಗ ಸಾವಿರ ಹಿಟ್ಸ್ ಬಂದಾವ್ರಿ!"

ನನಗೆ ಕೇಳಿಸಿದ್ದು ಹಿಟ್ಟು. ರೊಟ್ಟಿ ತಟ್ಟುವವಳ ಕಿವಿಗೆ ಮತ್ತೇನು ಕೇಳಿಸಬೇಕು? ಸಾವಿರ ರೊಟ್ಟಿಗಾಗುವಷ್ಟು ಹಿಟ್ಟು ಬೇಕೆಂದು ತಿಳಿದು ಜೋಳದ ಚೀಲಗಳನ್ನು ಗಿರಣಿಗೆ ಹೊರಿಸಿಯೇಬಿಟ್ಟೆ. ಬೀಸಿ ತಂದ ಮೇಲೆ ಶೋಭಾ ತಲೆಯ ಮೇಲೆ ಕೈ ಹೊತ್ತಳು.

"ಹಿಟ್ಟಲ್ರಿ ಅತ್ತೀ, ಹಿಟ್ಸು. ಮಂದಿ ಬಂದು ನೋಡಿ ಹೋಗ್ಯಾರ ಅಂತ."

"ನೋಡಿ ಹೋದ್ರ ಹೊಟ್ಟಿ ತುಂಬತೈತೇನು? ಈ ಹಿಟ್ಟು ಮಾರಿಗೆ ಬಳಕೊಳ್ಲೇನು?"

ಆಮೇಲೆ ನಮ್ಮ ಮನೆಯಲ್ಲಿ ಮೂರು ಹೊತ್ತೂ ರೊಟ್ಟಿ. ಉಪ್ಪಿಟ್ಟು ಕೇಳಿದ ಮಗನಿಗೆ ನಾನು ಕೊಟ್ಟ ಉತ್ತರ ಅಚ್ಚಾಗುವಂಥದ್ದಲ್ಲ.

ಹಿಟ್ಟು ಹೇಗೋ ಖರ್ಚಾಯಿತು, ಹಿಟ್ಸು ಮಾತ್ರ ಸೊಸೆಯ ತಲೆಗೇರಿತು. ಸಾವಿರ ಮಂದಿ ಮನೆಗೇ ಬರುವಾಗ ಬಸ್‌ಸ್ಟ್ಯಾಂಡಿನ ಧೂಳು ಕುಡಿಯುವುದೇಕೆ, ಅಂಗಡಿ ಬಿಟ್ಟುಬಿಡೋಣ ಎಂದಳು. ಮಳಿಗೆಯ ಮಾಲೀಕನೂ ಸೋಮವಾರದೊಳಗೆ ಒಂದು ಮಾತು ಹೇಳಿ ಎಂದಿದ್ದ. ಮೊಬೈಲ್ ಮಾರುವವನೊಬ್ಬ ಆ ಜಾಗದ ಮೇಲೆ ಕಣ್ಣಿಟ್ಟಿದ್ದ. ಅಂಗಡಿ ಹೋದರೆ ನಾನು ದಿನವಿಡೀ ಮನೆಯ ಗೋಡೆ ನೋಡಬೇಕು. ಗೋಡೆ ಎಲ್ಲಿಗೆ ಹೋಗುತ್ತದೆ, ಯಾರ ಜೊತೆ ಹೋಗುತ್ತದೆ, ಕೇಳುವುದಕ್ಕೇನಿದೆ?

"ಬಂದೋರು ಯಾರ‍್ಯಾರು ಅಂತ ನನಗ ತೋರಿಸು. ಆಮ್ಯಾಲೆ ಬೇಕಾದ್ರ ಅಂಗಡಿ ಬಿಡು" ಎಂದೆ.

ಭಾನುವಾರ ನಸೀಮಾ ಲ್ಯಾಪ್‌ಟಾಪ್ ತಂದು ಲಾಗ್ ಎಂಬುದನ್ನು ತೆರೆದಳು. ಇರುವೆ ಸಾಲಿನಂತೆ ಅಕ್ಷರಗಳು. "ಅಜ್ಜೀ, ಒಂದೊಂದು ಸಾಲಿನಾಗೂ ಬಂದವ್ರ ನಂಬರು ಐತಿ, ಯಾವಾಗ ಬಂದ್ರು, ಏನು ಕೇಳಿದ್ರು, ಕೊಟ್ಟಿವೋ ಇಲ್ಲೋ, ಯಾವ ಫೋನಿಂದ ಬಂದ್ರು, ಎಲ್ಲಾ ಐತಿ. ಹೆಸರು ಮಾತ್ರ ಇರಂಗಿಲ್ರಿ." ನನಗೆ ಆ ಲಾಗಿನ ಮೇಲೆ ಗೌರವವೇ ಬಂತು. ನಮ್ಮ ಓಣಿಯಲ್ಲಿ ಇಷ್ಟೆಲ್ಲ ನೆನಪಿಟ್ಟುಕೊಳ್ಳುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಗೌರವ ಬಹಳ ಹೊತ್ತು ಉಳಿಯಲಿಲ್ಲ. ಒಬ್ಬ ಬಂದರೆ ಒಂದು ಸಾಲಲ್ಲವಂತೆ. ಪುಟಕ್ಕೊಂದು ಸಾಲು, ಅದರಲ್ಲಿರುವ ಒಂದೊಂದು ಫೋಟೋಕ್ಕೂ ಒಂದೊಂದು ಸಾಲು. ಬೀಗರೊಬ್ಬರು ಬಂದು ನೀರು ಕುಡಿದು, ಚಹಾ ಕುಡಿದು, ಎಲೆಅಡಿಕೆ ಹಾಕಿಕೊಂಡರೆ ಮೂವರು ಬೀಗರು ಬಂದರೆಂದು ಊರಿಗೆಲ್ಲ ಹೇಳಿದ ಹಾಗೆ. ಉಳಿದವರಲ್ಲಿ ಬಹಳಷ್ಟು ಮನುಷ್ಯರೇ ಅಲ್ಲ, ತಾವಾಗಿಯೇ ವೆಬ್‌ಸೈಟುಗಳನ್ನು ಸುತ್ತುವ ಯಂತ್ರಗಳು. ಕೆಲವು ಎಲ್ಲ ಪುಟ ಓದಿ, ಎಲ್ಲ ಫೋಟೋ ನೋಡಿ, ಏನೂ ಕೊಳ್ಳದೆ ಹೋಗುತ್ತವೆ. ಕನ್ಯೆ ನೋಡಲು ಬಂದು, ಉಪ್ಪಿಟ್ಟು ತಿಂದು, ಹೊಲ ಎಷ್ಟಿದೆ ಎಂದು ವಿಚಾರಿಸಿ, "ತಿಳಸ್ತೀವಿ" ಎಂದು ಹೋಗುವವರ ಜಾತಿ. ಇನ್ನು ಕೆಲವು ಇಲ್ಲದ ಬಾಗಿಲು ಬಡಿಯುತ್ತವೆ.

"ಇವು ಮಾಲೀಕರು ಒಳಗ ಹೋಗೋ ಬಾಗಿಲು ಎಲ್ಲೈತಿ ಅಂತ ಹುಡುಕ್ಯಾವ" ಎಂದಳು ನಸೀಮಾ. "ನಾವು ಇಲ್ಲ ಅಂದೀವಿ. ಅದಕ್ಕ ಇಲ್ಲಿ ನಾನೂರಾ ನಾಕು ಅಂತ ಬಿದ್ದೈತಿ."

"ಕಳ್ಳರನ್ನೂ ಗಿರಾಕಿ ಅಂತ ಎಣಿಸೀಯೇನಲೇ ಶೋಭಾ?"

ನಸೀಮಾ ಯಂತ್ರಗಳನ್ನು ಗುಡಿಸಿ ಹಾಕಿದ ಮೇಲೆ ಮನುಷ್ಯರೆಂದು ಉಳಿದವರು ಬೆರಳೆಣಿಕೆಯಷ್ಟು. ಅಡ್ಡಹಾದಿಯಲ್ಲಿ ಬಂದು ತಿರುಗಿ ನೋಡದೆ ಹೋದವರು. ಒಬ್ಬರು ಮಾತ್ರ ದಿನವೂ ಬರುತ್ತಿದ್ದರು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ರೊಟ್ಟಿಯ ಪುಟ ಬೇಡ, ಚಟ್ನಿಯ ಪುಟ ಬೇಡ. ನಾನು ಒಲೆಯ ಮುಂದೆ ಕೂತಿರುವ ಫೋಟೋದ ಪುಟ ಒಂದೇ.

ಶೋಭಾಳ ಮುಖ ಅರಳಿತು. "ನೋಡ್ರಿ ಅತ್ತೀ, ಇಂಥಾ ಗಿರಾಕಿ ಒಬ್ರಿದ್ರ ಸಾಕು. ದಿನಾ ಬರೋರು ಇವತ್ತಿಲ್ಲ ನಾಳಿ ಕೊಂಡಾ ಕೊಳ್ತಾರ. ಮಾಲೀಕಗ ಫೋನ್ ಮಾಡ್ತೀನಿ."

ನನ್ನ ರಕ್ತ ಕುದಿಯಿತು. "ಯಾವ ದಗದ ಇಲ್ದ ಮೂಳ ಅದು? ದಿನಾ ಇಣಿಕಿ ಹೋಗತೈತಿ, ಒಂದು ರೊಟ್ಟಿ ಕೊಂಡಿಲ್ಲ. ಇಂಥಾ ಭಿಕಾರಿ ಮಾರಿ ನೋಡಿ ಅಂಗಡಿ ಬಿಡ್ತೀಯೇನು?"

ನಸೀಮಾ ಆ ಸಾಲನ್ನೇ ನೋಡುತ್ತಿದ್ದಳು. "ಅಜ್ಜೀ, ನಿಮ್ಮ ಫೋನಿನಾಗ ಒಮ್ಮೆ ಆ ಫೋಟೋದ ಪುಟ ತಗೀರಿ."

ನನಗೆ ತೆಗೆಯಲು ಬರುವುದಿಲ್ಲ ಎನ್ನಬೇಕಿತ್ತು. ಬೆರಳು ತಾನಾಗಿ ಹೋಗಿ ತೆಗೆದುಬಿಟ್ಟಿತು. ಲಾಗಿನ ಬುಡದಲ್ಲಿ ಹೊಸ ಸಾಲೊಂದು ಬಿತ್ತು. ಅದೇ ನಂಬರು, ಅದೇ ಫೋನು, ಅದೇ ಪುಟ.

ಮೊದಲು ನಕ್ಕವಳು ನಸೀಮಾ. ಶೋಭಾಗೆ ಸೆರಗಿನಲ್ಲಿ ಬಾಯಿ ಮುಚ್ಚಿದರೂ ತಡೆಯಲಾಗಲಿಲ್ಲ. "ಅತ್ತೀ, ನಿಮ್ಮ ಅಂಗಡಿಗೆ ನೀವ ಬೀಗ ಹಾಕ್ಸಾಕ ಹೊಂಟಿದ್ರಿ!"

"ಸೆರಗು ಸರಿ ಐತೋ ಇಲ್ಲೋ ಅಂತ ನೋಡ್ತಿದ್ನಿ" ಎಂದೆ. ಯಾರೂ ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಅಂಗಡಿ ಬಿಡುವುದಿಲ್ಲವೆಂದು ಶೋಭಾ ಆ ಸಂಜೆಯೇ ಮಾಲೀಕನಿಗೆ ತಿಳಿಸಿದಳು. ವೆಬ್‌ಸೈಟು ತನ್ನ ಪಾಡಿಗೆ ತಾನಿರಲಿ ಎಂದಾಯಿತು. ಸೋಮವಾರ ನಾನು ಫೋನು ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋದೆ. ಮಧ್ಯಾಹ್ನದ ತನಕ ತಡೆದೆ. ಆಮೇಲೆ ಪಕ್ಕದ ಚಹಾದವನನ್ನು ಕರೆದು, "ನಿನ್ನ ಫೋನ್ ಕೊಡಪಾ ಸ್ವಲ್ಪ" ಎಂದೆ. ಲಾಗ್ ಅಷ್ಟು ಅರ್ಥವಾಗಿತ್ತು ನನಗೆ. ಅವನ ಫೋನಾದರೆ ನಂಬರು ಬೇರೆ ಬೀಳುತ್ತದೆ.

ಸಂಜೆ ಶೋಭಾ ಅಂಗಡಿಗೆ ಓಡಿ ಬಂದಳು. "ಅತ್ತೀ, ಇವತ್ತು ಖರೇನ ಹೊಸಾ ಗಿರಾಕಿ ಒಬ್ರು ಬಂದಾರ್ರಿ! ನಿಮ್ಮ ಫೋಟೋನ ನೋಡ್ಯಾರ!"

ನಾನು ರೊಟ್ಟಿ ಜೋಡಿಸುವುದನ್ನು ನಿಲ್ಲಿಸಲಿಲ್ಲ. "ಬಂದಿರಬೇಕು ಬಿಡವ್ವ" ಎಂದೆ.