ಬೈಕು ಹತ್ತಿದ ಕೇಕು

ಮೊದಲೇ ಕ್ಷಮೆ ಕೇಳುತ್ತೇನೆ. ಇದು ಶಾಖ, ಉಷ್ಣತೆ ಇತ್ಯಾದಿಗಳನ್ನು ಸರಿಯಾಗಿ ಓದಿದವರು ಹೇಳಬೇಕಾದ ಸಂಗತಿ. ಆದರೆ ಅವರು ಬಾಯಿ ಬಿಡುತ್ತಿಲ್ಲ. ಬಾಯಿ ಬಿಡುವವರು ಕಲಬುರಗಿಯ ತುಂಬ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಾರೆ. ಹಾಗಾಗಿ ಆದದ್ದನ್ನು ಆದಷ್ಟು ನೇರವಾಗಿ ಹೇಳುವ ಧೈರ್ಯ ಮಾಡಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಮೋಟಾರ್ ವೈಂಡಿಂಗ್ ಅಂಗಡಿಯ ಅಣವೀರ ಮೇ ತಿಂಗಳ ಒಂದು ಮಧ್ಯಾಹ್ನ ತನ್ನ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಮಾಡಿದ. ಅದು ಸಾಕಷ್ಟು ಹೊತ್ತು ಗುರುಗುಟ್ಟಿದ ಮೇಲೆ ಅತ್ತಿಗೆ ನೀಲಾಂಬಿಕಾಳನ್ನು ಹೊರಗೆ ಕರೆದು, ಸೈಲೆನ್ಸರ್ ಮೇಲೆ ಕೈ ಇಡಲು ಹೇಳಿದ. ಸೈಲೆನ್ಸರಿಗೆ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿತ್ತು. ಅದರ ತುದಿಗೆ ಊಟದ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಅದಕ್ಕೆ ಅವನು ತಂಪುರಾಯ ಎಂದು ಹೆಸರಿಟ್ಟಿದ್ದ.

ನೀಲಾಂಬಿಕಾ ಕೂಡಲೇ ಕೈ ಇಡಲಿಲ್ಲ. ಅವಳ ಕಾಲಿನ ಮೀನಖಂಡದ ಮೇಲೆ ಹಳೆಯ ಸೈಲೆನ್ಸರೊಂದು ಹಾಕಿದ ಮುದ್ರೆ ಇನ್ನೂ ಇತ್ತು. ಜೊತೆಗೆ ಮೈದುನನ ಯಂತ್ರಗಳ ಪರಿಚಯವೂ ಅವಳಿಗೆ ಚೆನ್ನಾಗಿತ್ತು. ಅವನ ರೊಟ್ಟಿ ತಟ್ಟುವ ಯಂತ್ರ ಮೊದಲ ರೊಟ್ಟಿಯನ್ನು ಎದುರು ಮನೆಯ ಮಾಳಿಗೆಗೆ ಎಸೆದು, ಎರಡನೆಯದನ್ನು ಅದೇ ಜಾಗಕ್ಕೆ ಗುರಿಯಿಟ್ಟು ಎಸೆದಿತ್ತು. ಅವಳು ಒಂದು ಬೆರಳಿನ ಹಿಂಬದಿಯನ್ನು ಮಾತ್ರ ತಾಗಿಸಿದಳು. ಸೈಲೆನ್ಸರ್ ಶಹಾಬಾದ ಕಲ್ಲಿನ ನೆಲದಂತೆ ತಣ್ಣಗಿತ್ತು.

"ಹೆಂಗದ ವೈನಿ?"

"ತಣ್ಣಗದ. ಬಿಸಿ ಎಲ್ಲಿ ಹೋಯ್ತು?"

"ಹೋಯ್ತು."

"ಹೋಯ್ತು ಅಂದ್ರ, ಎಲ್ಲಿಗರ ಹೋಗಿರಬೇಕಲ್ಲ?"

ಬೈಕು ಹತ್ತುವ ಮಂದಿ ಕಾಲು ಸುಡಬಾರದು ಅಂತಾರೆ, ಬಿಸಿ ಯಾವ ಊರಿಗೆ ಹೋಯಿತು ಅಂತ ಯಾರೂ ವಿಚಾರಿಸುವುದಿಲ್ಲ ಎಂದು ಅಣವೀರ ಬೇಸರ ಮಾಡಿಕೊಂಡ. ಮಾತಾಡಿ ಗಂಟಲೊಣಗಿ ನೀರು ಕೇಳಿದ. ಬೇವಿನ ಮರದ ನೆರಳಲ್ಲಿಟ್ಟ ಮಣ್ಣಿನ ಹರವಿಯಿಂದ ಅವಳು ನೀರು ತುಂಬಿಸಿಕೊಂಡಳು. ಲೋಟ ಹಿಡಿಯಲಾಗಲಿಲ್ಲ. ಚಹಾಪುಡಿ ಹಾಕುವುದೊಂದೇ ಬಾಕಿ, ಅಷ್ಟು ಬಿಸಿ. ಬಿಸಿಲಿಗೆ ಕಾದಿದೆ ಎಂದ ಅಣವೀರ. ಅವಳು ಹರವಿಯ ಮೇಲಿನ ನೆರಳನ್ನು ನೋಡಿದಳು, ಆಮೇಲೆ ಬೈಕನ್ನು ನೋಡಿದಳು.

ಬೇರೆ ದಿನವಾಗಿದ್ದರೆ ಅವಳು ಇದನ್ನು ಅಲ್ಲಿಗೇ ಬಿಡುತ್ತಿದ್ದಳು. ಆದರೆ ಮರುದಿನ ಅವಳು ಮೂರಂತಸ್ತಿನ ಕ್ರೀಮ್ ಕೇಕನ್ನು ಊರಾಚೆಯ ಕಲ್ಯಾಣ ಮಂಟಪಕ್ಕೆ ಮುಟ್ಟಿಸಬೇಕಿತ್ತು. ಒಂದು ಮಗುವಿನ ಮೊದಲ ಹುಟ್ಟುಹಬ್ಬ. ಕೇಕು ಕರಗದೆ, ವಾಲದೆ ಬಂದು ನಿಂತರೆ ಮುಂದೆ ಮಂಟಪದ ಎಲ್ಲ ಕೇಕೂ ನಿಮ್ಮದೇ ಎಂದು ಮ್ಯಾನೇಜರ್ ಕುಪೇಂದ್ರ ಮಾತು ಕೊಟ್ಟಿದ್ದ. ಅಡುಗೆಮನೆಯ ಮೂಲೆಯಲ್ಲಿ ಶುರುವಾದ ಅವಳ ಕೆಲಸಕ್ಕೆ ಇಂಥ ಬಾಗಿಲು ಮೊದಲ ಸಲ ತೆರೆದಿತ್ತು. ಹಿಂದೆ ಆಟೊದಲ್ಲಿ ಒಯ್ದ ಕೇಕು ರಸ್ತೆಯ ಉಬ್ಬುಗಳಿಗೆ ಕುಸಿದು ಉಪ್ಪಿಟ್ಟಾಗಿತ್ತು. ಆಮೇಲಿಂದ ಅವಳು ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಬೈಕಿನಲ್ಲೇ ಹೋಗುತ್ತಿದ್ದಳು. ಗಂಡ ತನ್ನ ಬೈಕು ತಗೊಂಡು ರಾಯಚೂರಿಗೆ ಹೋಗಿದ್ದ. ಉಳಿದದ್ದು ತಂಪುರಾಯ.

ಸಂಜೆ ಅಣವೀರ ಓಣಿಯವರಿಗೆಲ್ಲ ಪ್ರದರ್ಶನ ಕೊಟ್ಟ. ಜನ ಸಾಲಾಗಿ ನಿಂತು ಸೈಲೆನ್ಸರನ್ನು ಸವರಿ ಶಭಾಷ್ ಎಂದರು. ಅಷ್ಟರಲ್ಲಿ ಪಕ್ಕದ ಮನೆಯ ಗೌಸಿಯಾ ಆಪಾ ಸೆರಗಿನಲ್ಲಿ ಪಾತ್ರೆ ಹಿಡಿದು ಬಂದರು. ಫ್ರಿಜ್ಜಿನಲ್ಲಿಟ್ಟ ಮಜ್ಜಿಗೆ ಕುದಿಯುತ್ತಿದೆ, ಬರ್ಫದ ತಟ್ಟೆಯಿಂದ ಹಬೆ ಬರುತ್ತಿದೆ, ನಿಮ್ಮಲ್ಲೂ ಕರೆಂಟು ಹೀಗೇ ಹುಚ್ಚು ಹುಚ್ಚಾಗಿ ಬರುತ್ತಿದೆಯೇ ಎಂದು ಕೇಳಿದರು. ಅಣವೀರ ಕೂಡಲೇ ಕರೆಂಟಿನವರನ್ನು ಬೈಯತೊಡಗಿದ. ಇಷ್ಟು ಬೇಗ ಬೇರೆಯವರನ್ನು ಬೈಯುವವನನ್ನು ನಂಬಬಾರದು ಎಂದುಕೊಂಡಳು ನೀಲಾಂಬಿಕಾ.

ಕೇಕಿಲ್ಲದೆ ಒಂದು ಸುತ್ತು ಹೋಗಿ ಬರೋಣ ಎಂದು ಅವಳೇ ಹೇಳಿದಳು. ಸಿಗ್ನಲ್ಲಿನಲ್ಲಿ ಬೈಕು ನಿಂತಾಗ ಅವಳು ದೀಪ ನೋಡಲಿಲ್ಲ, ಸುತ್ತ ನೋಡಿದಳು. ರಸ್ತೆಬದಿಯಲ್ಲಿ ಬರ್ಫದ ಗೋಲಾ ಮಾರುವವನ ಗಾಡಿ ಇತ್ತು. ಗೋಣಿಚೀಲದ ಕೆಳಗಿನ ಬರ್ಫದ ಗಡ್ಡೆ ಚುಂಯ್ ಎಂದು ಸದ್ದು ಮಾಡಿ, ಹಬೆಯಾಡಿ, ಅವಳ ಕಣ್ಣೆದುರೇ ಇಲ್ಲವಾಯಿತು. ಕಡ್ಡಿಗೆ ಬರ್ಫ ಒತ್ತುತ್ತಿದ್ದವನು ಬರೇ ಕಡ್ಡಿ ಹಿಡಿದು ನಿಂತ.

ಅವಳು ಬೈಕನ್ನು ಬದಿಗೆ ನಿಲ್ಲಿಸಲು ಹೇಳಿದಳು.

"ಖರೆ ಹೇಳು ಅಣವೀರಾ. ಸುತ್ತ ಯಾವುದು ಎಲ್ಲಕ್ಕಿಂತ ತಣ್ಣಗದ, ಬಿಸಿ ಅಲ್ಲಿಗೆ ಹೋಗ್ತದ. ಹೌದೋ ಅಲ್ಲೋ?"

ಬಿಸಿಯ ಗುಣವೇ ತಣ್ಣಗಿರುವುದರ ಕಡೆ ಹೋಗುವುದು, ತಾನು ಬರೇ ಹತ್ತಿರದ ದಾರಿ ಮಾಡಿಕೊಟ್ಟೆ ಎಂದ ಅಣವೀರ, ಏನೋ ಧರ್ಮದ ಕೆಲಸ ಮಾಡಿದವನಂತೆ.

"ನಾಳೆ ನನ್ನ ತೊಡಿ ಮ್ಯಾಲ ಎಲ್ಲಕ್ಕಿಂತ ತಣ್ಣಗ ಏನಿರ್ತದ?"

ಅಣವೀರ ಬಹಳ ಹೊತ್ತು ಕನ್ನಡಿ ಒರೆಸಿದ.

ಪೆಟ್ಟಿಗೆ ಬಿಚ್ಚು ಎಂದಳು. ವೆಲ್ಡಿಂಗ್ ಆಗಿದೆ ಎಂದ. ಅದನ್ನು ಬಂದ್ ಮಾಡು ಎಂದಳು. ಅದು ಬಂದಾದರೆ ಎಂಜಿನ್ನೂ ಬಂದ್ ಎಂದ. ಓಣಿಯಲ್ಲಿ ಬೇರೆ ಬೈಕು ಕೇಳೋಣವೆಂದರೆ, ಗೌಸಿಯಾ ಆಪಾ ಅಷ್ಟರಲ್ಲಿ ಮಜ್ಜಿಗೆಯ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದ್ದರು. ಅಣವೀರನ ಕೈಗೆ ಬೈಕಿನ ಚಾವಿ ಕೊಡುವವರು ಒಬ್ಬರೂ ಉಳಿದಿರಲಿಲ್ಲ. ರಾತ್ರಿಯೆಲ್ಲ ಕೇಕಿಗೆ ಕ್ರೀಮು ಹಚ್ಚುತ್ತ ಅವಳು ಯೋಚಿಸಿದಳು. ಕೇಕಿಗಿಂತ ತಣ್ಣಗಿನದು ಏನಾದರೂ ಜೊತೆಗೆ ಬರಬೇಕು.

ಮರುದಿನ ಪೆಟ್ರೋಲ್ ಟ್ಯಾಂಕಿನ ಮೇಲೆ, ಅಣವೀರನ ಎದೆಗೆ ಒರಗಿಸಿ, ಗೋಣಿಚೀಲದಲ್ಲಿ ದೊಡ್ಡ ಬರ್ಫದ ಗಡ್ಡೆ ಕಟ್ಟಿಸಿದಳು. ಹಿಂದೆ ತಾನು ಒಂದೇ ಬದಿಗೆ ಕಾಲು ಹಾಕಿ ಕೂತು, ಕೇಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೈಕು ಹೊರಟಿತು. ಸೈಲೆನ್ಸರ್ ತಣ್ಣಗೆ, ಕೇಕು ತಣ್ಣಗೆ. ಬರ್ಫ ಮಾತ್ರ ಕಾದು ಕಾದು ಬಿಸಿನೀರಾಗಿ ಅಣವೀರನ ಪ್ಯಾಂಟಿಗೆ ಇಳಿಯತೊಡಗಿತು. ಬೈಕಿನ ಬಿಸಿಯಿಂದ ಲೋಕವನ್ನು ಕಾಪಾಡಲು ಹೊರಟವನು ಸೀಟಿನ ಮೇಲೆ ಕುಣಿಯುತ್ತ, ಅಯ್ಯೋ ವೈನಿ ಎನ್ನುತ್ತ ಗೇರು ಬದಲಿಸಿದ. ನೇರವಾಗಿ ನೋಡಿ ಹೊಡಿ ಎಂದಳು ಅವಳು.

ಮಂಟಪದ ಕಮಾನು ಕಾಣುವಾಗ ಗೋಣಿಚೀಲ ಖಾಲಿಯಾಗಿ ಜೋತುಬಿತ್ತು. ಮರುಕ್ಷಣವೇ ಅವಳ ತೊಡೆಗೆ ಡಬ್ಬಿಯ ತಳ ಬೆಚ್ಚಗೆ ತಾಗಿತು.

ನಿಲ್ಲಿಸು ಎಂದು ಅವನ ಬೆನ್ನಿಗೆ ಗುದ್ದಿ ಕೆಳಗೆ ಹಾರಿದಳು. ಮುಚ್ಚಳ ತೆಗೆದರೆ ಮೇಲಿನ ಅಂತಸ್ತಿನ ಕ್ರೀಮಿನ ಗುಲಾಬಿ ತಲೆ ಬಾಗಿಸಿತ್ತು. ಎಂಜಿನ್ ಆರಿಸಲು ಅಣವೀರ ಚಾವಿ ತಿರುಗಿಸಿದ, ಮತ್ತೆ ತಿರುಗಿಸಿದ, ಕೊನೆಗೆ ಕಿತ್ತೇ ತೆಗೆದ. ಬೈಕು ಗುರುಗುಡುತ್ತಲೇ ಇತ್ತು. ತಂಪುರಾಯ ನಡುದಾರಿಯಲ್ಲಿ ನಿಲ್ಲಬಾರದೆಂದು ಹಿಂದಿನ ರಾತ್ರಿ ಅವನೇ ತಂತಿಯನ್ನು ಚಾವಿಗೆ ಸಿಗದಂತೆ ಆಚೆಯಿಂದ ಎಳೆದಿದ್ದ.

ನೀಲಾಂಬಿಕಾ ಬೈಕನ್ನೇ ದಿಟ್ಟಿಸಿದಳು. ಇಷ್ಟು ದೂರ ಕೂತು ಬಂದ ತನಗೆ ಒಂದು ಚೂರೂ ಬಿಸಿ ತಾಗಿಲ್ಲ. ಸೀಟೂ ತಣ್ಣಗೇ ಇದೆ. ಈ ಯಂತ್ರ ಬಿಸಿಯಿಂದ ಕಾಪಾಡುವುದು ಸೀಟಿನ ಮೇಲೆ ಕೂತವರನ್ನು. ತೊಡೆಯ ಮೇಲಿರುವುದು ಅದರ ಲೆಕ್ಕಕ್ಕೆ ಸವಾರನಲ್ಲ, ಸಾಮಾನು.

"ಇಳಿ ಕೆಳಗ," ಎಂದಳು ಮೈದುನನಿಗೆ. "ಇನ್ನ ಕೇಕು ಕೂಡತದ."

ಡಬ್ಬಿಯನ್ನು ಸೀಟಿನ ಮೇಲೆ ಕೂರಿಸಿ ಸೆರಗಿನಿಂದ ಬಿಗಿದಳು. ಗುಲಾಬಿ ಇನ್ನಷ್ಟು ಬಾಗದೆ ಹಾಗೇ ಗಟ್ಟಿಯಾಯಿತು. ಒಬ್ಬರು ಹ್ಯಾಂಡಲ್ ಹಿಡಿದು, ಒಬ್ಬರು ಹಿಂದಿನಿಂದ ಆನಿಸಿ, ಗುರುಗುಡುವ ಬೈಕಿನ ಮೇಲೆ ಕೇಕನ್ನು ಮದುಮಗಳಂತೆ ನಡೆಸಿಕೊಂಡು ಮಂಟಪದ ಬಾಗಿಲಿಗೆ ಬಂದರು.

ಬಿಸಿ ಅವರಿಗಿಂತ ಮೊದಲೇ ಒಳಗೆ ಹೋಗಿತ್ತು. ಐಸ್‌ಕ್ರೀಮಿನ ಡಬ್ಬಿಗಳು ಪಾಯಸದಂತೆ ತಳಮಳ ಕುದಿದವು. ಆಮೇಲೆ ಎಸಿಗಳು ಸರದಿಯಂತೆ ಬೆಂಕಿಗಾಳಿ ಊದಿದವು. ರೇಷ್ಮೆ ಸೀರೆ, ಕೋಟುಗಳೆಲ್ಲ ಹೊರಗೆ ಓಡಿಬಂದವು. ಹೊರಗೆ ಮೇ ತಿಂಗಳ ಬಿಸಿಲು. ಒಬ್ಬ ಅಜ್ಜಿ ಮೂರ್ಛೆ ಬಂದಂತಾಗಿ ಬೈಕಿಗೆ ಒರಗಿದರು, ತಂಪಿಗೆ ಕಣ್ಣು ಬಿಟ್ಟರು, ಮತ್ತೆ ಅಲ್ಲಿಂದ ಏಳಲು ಒಪ್ಪಲಿಲ್ಲ. ಅದನ್ನು ಕಂಡು ಉಳಿದವರೂ ಬಂದರು. ಯಾರೋ ಬೆನ್ನನ್ನು ಎಂಜಿನ್ನಿಗೆ ಹಚ್ಚಿದರು. ಜರತಾರಿ ರುಮಾಲಿನ ಹಿರಿಯರೊಬ್ಬರು ಸೈಲೆನ್ಸರನ್ನು ತಬ್ಬಿಕೊಂಡರು. ಹುಟ್ಟುಹಬ್ಬದ ಮಗು ಅದರ ಹೊಗೆಯಿಲ್ಲದ ಬದಿಗೆ ಕೆನ್ನೆಯಿಟ್ಟು ನಿದ್ದೆಹೋಯಿತು. ಕೇಕನ್ನು ಸೀಟಿನ ಮೇಲೆಯೇ ಕತ್ತರಿಸಿದರು. ಅದು ತಣ್ಣಗಿತ್ತು, ನೆಟ್ಟಗಿತ್ತು, ಒಂದು ತುಣುಕೂ ಉಳಿಯಲಿಲ್ಲ.

ಕುಪೇಂದ್ರ ಒದ್ದೆ ಕಾಲರಿನಲ್ಲಿ ಬಂದು ಕೇಕಿನ ಖಾಲಿ ಹಲಗೆಯನ್ನೂ ಬೈಕನ್ನೂ ಸಂಶಯದಿಂದ ನೋಡಿದ.

"ಅಕ್ಕಾರ, ಇನ್ನ ಮ್ಯಾಲ ಕೇಕು ನಿಮ್ಮದೇ. ಆದರ ತರಲಿಕ್ಕ ನಾನೇ ಮನಿಗೆ ಬರ್ತೀನಿ."

ಪೆಟ್ರೋಲ್ ತೀರಿದ ಮೇಲೆ ಬೈಕು ನಿಂತಿತು. ಅಣವೀರ ವೆಲ್ಡಿಂಗ್ ಕತ್ತರಿಸಿ ಪೆಟ್ಟಿಗೆಯನ್ನು ಗುಜರಿಗೆ ಹಾಕಿದ. ಇಲ್ಲಿಯವರೆಗಿನದನ್ನು ನಾನು ಕಣ್ಣಾರೆ ಕಂಡವರಿಂದಲೇ ಕೇಳಿ ಬರೆದಿದ್ದೇನೆ.

ತಿಳಿಯದೆ ಉಳಿದದ್ದು ಒಂದಿದೆ. ಐಸ್‌ಕ್ರೀಮು ಕುದಿದು, ಎಸಿಗಳು ಕೆಟ್ಟು ನಿಂತ ಮೇಲೂ ಬೈಕು ಬಹಳ ಹೊತ್ತು ಚಾಲೂ ಇತ್ತು, ಸೈಲೆನ್ಸರ್ ತಣ್ಣಗೇ ಇತ್ತು. ಆಗ ಆ ಸುತ್ತಿನಲ್ಲಿ ತಣ್ಣಗಿನದು ಬೇರೇನೂ ಉಳಿದಿರಲಿಲ್ಲ. ಅಣವೀರ ಆಕಾಶ ತೋರಿಸುತ್ತಾನೆ. ನೀಲಾಂಬಿಕಾ ನಂಬುವುದಿಲ್ಲ. ಆ ಹೊತ್ತಿನ ಬಿಸಿ ಎಲ್ಲಿಗೆ ಹೋಯಿತೋ ನನಗೂ ಗೊತ್ತಿಲ್ಲ. ಇದುವರೆಗೆ ಯಾರೂ ಬಂದು ದೂರು ಹೇಳಿಲ್ಲ.