ಹತ್ತಕ್ಕೊಂದು ಅಳತೆಯ ಅಮ್ಮ

ಅಂದಾಜಿನ ಮೇಲೆ ಗೋಡೆ ಒಡೆಯುವವರು ಬೇರೆ, ನಾನು ಬೇರೆ! ಈ ಮಾತನ್ನು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು, ಚಮಚವನ್ನು ರಾಜದಂಡದಂತೆ ಹಿಡಿದು ಘೋಷಿಸಿದೆ. ಅರ್ಧ ಆಯುಸ್ಸು ಸವೆಸಿ ಕಂಡಕಂಡವರ ಮನೆಗೆಲ್ಲ ಕಿಟಕಿ ಇಟ್ಟುಕೊಟ್ಟ ಆರ್ಕಿಟೆಕ್ಟ್ ನಾನು. ಸ್ವಂತ ಮನೆಗೆ ಒಂದು ಕಿಟಕಿ ಇಡುವ ಭಾಗ್ಯ ಒದಗಿ ಬಂದಾಗ ಅದನ್ನು ಮೇಸ್ತ್ರಿಯ ಕಣ್ಣಳತೆಗೆ ಬಿಟ್ಟುಕೊಡುತ್ತೇನೆಯೇ? ಮೊದಲು ಮಾಡೆಲ್, ಆಮೇಲೆ ಸುತ್ತಿಗೆ!

"ನಾನು ಕೇಳಿದ್ದು ಕಿಟಕಿ," ಎಂದಳು ಹೆಂಡತಿ. "ಭಾಷಣ ಅಲ್ಲ."

ಅವಳು ಕೇಳಿದ್ದಕ್ಕೆ ಕಾರಣವಿತ್ತು. ನನ್ನ ಹೆಂಡತಿ ರಫೂ ಕೆಲಸದವಳು. ಹರಿದ ಬಟ್ಟೆಗೆ ಎಳೆಗೆ ಎಳೆ ಸೇರಿಸಿ, ಹರಿದದ್ದೇ ಸುಳ್ಳು ಎನ್ನುವಂತೆ ನೇಯ್ದುಬಿಡುತ್ತಾಳೆ. ಆದರೆ ನಮ್ಮ ಹಜಾರದ ಟ್ಯೂಬ್‌ಲೈಟಿನ ಕೆಳಗೆ ಕರಿ ದಾರವೂ ಕಡುನೀಲಿ ದಾರವೂ ಅವಳಿಜವಳಿ. ಹೋದ ತಿಂಗಳು ಒಬ್ಬ ವಕೀಲರ ಕರಿ ಕೋಟಿನ ಬೆನ್ನಿಗೆ ಕಡುನೀಲಿ ರಫೂ ಬಿತ್ತು. ಮನೆಯಲ್ಲಿ ಯಾರಿಗೂ ಕಾಣಲಿಲ್ಲ. ಕೋರ್ಟಿನ ಅಂಗಳದ ಬಿಸಿಲಿನಲ್ಲಿ ಎಲ್ಲರಿಗೂ ಕಂಡಿತು. ಎದುರು ಕಕ್ಷಿಯ ವಕೀಲರಿಗಂತೂ ಎಲ್ಲರಿಗಿಂತ ಮೊದಲು ಕಂಡಿತು! ಅವಳಿಗೆ ಬಟ್ಟೆ ಕೊಡುವ ಲಾಂಡ್ರಿಯವರು, "ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆಯವರಿಗೆ ಹೋಗುತ್ತೆ ಅಮ್ಮಾ," ಎಂದು ಮೆತ್ತಗೆ ಹೇಳಿ ಹೋಗಿದ್ದರು. ಮೆತ್ತಗೆ ಹೇಳುವವರ ಬಗ್ಗೆಯೇ ಹೆಚ್ಚು ಭಯ.

ಅವಳಿಗೆ ಬೇಕಾದದ್ದು ಹಗಲು ಬೆಳಕು. ಅದನ್ನು ಒಳಗೆ ಬಿಡಬಹುದಾದ ಹೊರಗೋಡೆ ನಮ್ಮ ಮನೆಯಲ್ಲಿ ಒಂದೇ, ಪಡುವಣ ದಿಕ್ಕಿನದು. ಅದು ಅಮ್ಮನ ಕೋಣೆಯ ಗೋಡೆ.

ಅಮ್ಮ ಹೋಗಿ ಮೂರು ವರ್ಷವಾಗಿದೆ. ಕಿಟಕಿಯ ಕುರಿತು ಆಕೆಯ ಸಿದ್ಧಾಂತ ಮಾತ್ರ ಆ ಕೋಣೆಯಲ್ಲಿ ಇನ್ನೂ ವಾಸವಾಗಿತ್ತು. "ಕಿಟಕಿ ಇಟ್ಟರೆ ಬೆಳಕು ಬರತ್ತೆ. ಬೆಳಕು ಬಂದರೆ ಧೂಳು ಕಾಣತ್ತೆ. ಧೂಳು ಕಂಡರೆ ಗುಡಿಸಬೇಕು. ಸುಮ್ಮನಿರೋ!" ಸೊಸೆ ಕಿಟಕಿಯ ಮಾತು ಎತ್ತಿದಾಗಲೆಲ್ಲ ಅಮ್ಮ ಎದ್ದು ಹೋಗಿ ಆ ಗೋಡೆಗೆ ಬೆನ್ನು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದಳು. ಅತ್ತೆ ಸೊಸೆಯರ ನಡುವೆ ನ್ಯಾಯ ಹೇಳಬೇಕಾದ ನಾನು ಚಪ್ಪಲಿ ಮೆಟ್ಟಿಕೊಂಡು ಗಾಳಿ ಸೇವನೆಗೆ ಹೊರಡುತ್ತಿದ್ದೆ.

ಸೋಮವಾರ ಮೇಸ್ತ್ರಿ ಬರುವವನಿದ್ದ. ಶನಿವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಮಾಡೆಲ್ ಸಿದ್ಧವಾಗಿತ್ತು. ಕೋಣೆಯೊಳಗೆ ಬೆಳಕು ಎಲ್ಲಿ ಕೂರುತ್ತದೆ, ಎಲ್ಲಿ ಏಳುತ್ತದೆ ಎಂದು ನಕ್ಷೆ ಹೇಳುವುದಿಲ್ಲ, ಮಾಡೆಲ್ ಹೇಳುತ್ತದೆ. ಮನೆಯನ್ನು ಹತ್ತು ಪಾಲು ಕುಗ್ಗಿಸಬಹುದು, ಆದರೆ ಬೆಳಕು ಕುಗ್ಗುವುದಿಲ್ಲ. ಪುಟ್ಟ ಕೋಣೆಯಲ್ಲೂ ಅದು ದೊಡ್ಡ ಕೋಣೆಯಲ್ಲಿ ಬಿದ್ದಂತೆಯೇ ಬೀಳುತ್ತದೆ. ಆಫೀಸಿನ ಮೂಲೆಯಲ್ಲಿದ್ದ ಹಳೆಯ ರಟ್ಟಿನ ಚೂರುಗಳನ್ನು ತಂದು, ಹತ್ತಕ್ಕೊಂದು ಅಳತೆಯಲ್ಲಿ ಅಮ್ಮನ ಕೋಣೆ ಕಟ್ಟಿ, ಒಳಗೂ ಹೊರಗೂ ಬಿಳಿ ಕಾಗದ ಅಂಟಿಸಿದೆ. ಮಂಚ ಮಾಡಿದೆ, ಬೀರು ಮಾಡಿದೆ. ಮೊದಲು ಕೋಣೆ ಈಗಿರುವಂತೆಯೇ, ಕಿಟಕಿಯಿಲ್ಲದೆ ನೋಡುವುದು, ಆಮೇಲೆ ಕಿಟಕಿ ಕತ್ತರಿಸುವುದು, ಇದು ಶಾಸ್ತ್ರ. ಸೂರ್ಯನ ಪಾತ್ರಕ್ಕೆ ಹಳೆಯ ಟೇಬಲ್ ಲ್ಯಾಂಪು, ಮುಟ್ಟಿದರೆ ಕೈ ಸುಡುವ ಬಲ್ಬಿನದು. ಒಳಗೆ ಇಣುಕಲು ಬಾಗಿಲ ಪಕ್ಕದಲ್ಲಿ ಎರಡು ರಂಧ್ರ. ಊಟದ ಮೇಜು ಪೂರ್ತಿ ಮಾಡೆಲಿನ ಪಾಲಾದ್ದರಿಂದ ನಾವು ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದೆವು.

ಹೆಂಡತಿ ಲಾಂಡ್ರಿಗೆ ಹೋಗಿದ್ದಳು. ಟ್ಯೂಬ್‌ಲೈಟ್ ಆರಿಸಿ, ಬಾಗಿಲ ಪರದೆ ಎಳೆದು ಹಜಾರವನ್ನು ಕತ್ತಲು ಮಾಡಿ, ರಂಧ್ರಕ್ಕೆ ಕಣ್ಣಿಟ್ಟೆ.

ಕಣ್ಣಿಟ್ಟ ಕೂಡಲೇ ಒಂದು ವಿಚಿತ್ರ ನಡೆಯುತ್ತದೆ. ಮಾಡೆಲ್ ದೊಡ್ಡದಾಗುವುದಿಲ್ಲ, ನೀವು ಚಿಕ್ಕವರಾಗುತ್ತೀರಿ. ನಾನು ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದು ಈ ಮನೆಯ ನಲ್ಲಿಯೋ ಆ ಮನೆಯದೋ ತಿಳಿಯಲಿಲ್ಲ. ಅಂಟಿನ ವಾಸನೆಯೊಳಗಿಂದ ಅಮ್ಮನ ಮಂಡಿನೋವಿನ ಮುಲಾಮಿನ ವಾಸನೆ ಬಂದಂತಾಯಿತು.

ಲ್ಯಾಂಪನ್ನು ಮೂಡಣಕ್ಕೆ ಹಿಡಿದೆ. ಕತ್ತಲೆ. ನೆತ್ತಿಗೆ ತಂದೆ. ಕತ್ತಲೆ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಕತ್ತಲೆ ಇರುವುದು ನ್ಯಾಯ. ಸೂರ್ಯನನ್ನು ಎಡಗೈಯಲ್ಲಿ ಹಿಡಿದ ಅಹಂಕಾರದಲ್ಲಿ ಅವನನ್ನು ಪಡುವಣಕ್ಕೆ ಇಳಿಸಿದೆ.

ಎದುರು ಗೋಡೆಯಲ್ಲಿ ಏನೋ ಬೆಳ್ಳಗಾಗತೊಡಗಿತು.

ಮೊದಲು ಒಂದು ತಲೆ. ಆಮೇಲೆ ಇಳಿಜಾರಿನ ಎರಡು ಭುಜ. ಆಚೆಗೆ ಚಾಚಿದ ಒಂದು ಮೊಣಕೈ. ಕತ್ತಲ ಗೋಡೆಗೆ ಬೆನ್ನು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು, ಹಾಲಿನ ಬಣ್ಣದ ಬೆಳಕಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನಾಳಿದ್ದು ಕಿಟಕಿ ಬರಬೇಕಾದ ಜಾಗದಲ್ಲೇ!

ಲ್ಯಾಂಪು ಸರಿಸಿದೆ, ಹೋದಳು. ಮತ್ತೆ ತಂದೆ, ಬಂದಳು. ಮುಖದಲ್ಲಿ ಕಣ್ಣಿಲ್ಲ, ಮೂಗಿಲ್ಲ, ಆದರೂ ನನ್ನನ್ನೇ ನೋಡುತ್ತಿದ್ದಳು.

"ಅಮ್ಮಾ?" ಎಂದೆ. ಐವತ್ತು ದಾಟಿದ ಗಂಡಸು, ಊಟದ ಮೇಜಿನ ಮೇಲಿನ ರಟ್ಟಿನ ಪೆಟ್ಟಿಗೆಗೆ!

ಆದರೂ ನಾನು ಶಾಸ್ತ್ರ ಬಿಡುವವನಲ್ಲ. ಮಾಡೆಲಿನ ಬಾಗಿಲೊಳಗೆ ಸ್ಕೇಲು ತೂರಿಸಿ ಅಳೆದೆ. ಹದಿನೈದು ಸೆಂಟಿಮೀಟರು. ಹತ್ತರಿಂದ ಗುಣಿಸಿದರೆ ಒಂದೂವರೆ ಮೀಟರು. ಅಮ್ಮನ ಕೈಗೆ ಎಟುಕುವಂತೆ ಶೆಲ್ಫು ಹೊಡೆಸುವಾಗ ನಾನೇ ಆಕೆಯನ್ನು ಅಳೆದಿದ್ದೆ. ಕೂದಲೆಳೆ ವ್ಯತ್ಯಾಸವಿಲ್ಲ! ಶಾಸ್ತ್ರ ಧೈರ್ಯ ಕೊಡುತ್ತದೆ ಎಂದು ಯಾರು ಹೇಳಿದರೋ!

ಆಫೀಸಿನ ಗೆಳೆಯನಿಗೆ ಫೋನು ಮಾಡಿದೆ. ಅವನನ್ನು ನಾವು ಮಿಲಿಮೀಟರ್ ಎಂದೇ ಕರೆಯುವುದು. ನಗುವುದನ್ನೂ ಅಷ್ಟೇ ಅಳತೆಯಲ್ಲಿ ನಗುತ್ತಾನೆ.

"ಸೋರಿಕೆ ಸಾರ್, ಸೋರಿಕೆ! ಸಂದಿಯಲ್ಲಿ ಬೆಳಕು ನುಗ್ತಾ ಇದೆ. ಮೂಲೆಗೆಲ್ಲ ಕರಿ ಟೇಪ್ ಸುತ್ತಿ."

ಒಂದು ಇಡೀ ಸುರುಳಿ ಸುತ್ತಿದೆ. ಅಮ್ಮ ಹಾಗೇ ನಿಂತಿದ್ದಳು. ಸುತ್ತಲೂ ಕತ್ತಲೆ ಇನ್ನಷ್ಟು ಗಟ್ಟಿಯಾಗಿ, ಮೊದಲಿಗಿಂತ ಸ್ಪಷ್ಟವಾಗಿ ಕಂಡಳು.

ಸಂಜೆ ಮಿಲಿಮೀಟರ್ ಖುದ್ದಾಗಿ ಬಂದ. ರಂಧ್ರಕ್ಕೆ ಕಣ್ಣಿಟ್ಟವನು ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ನಿಧಾನವಾಗಿ ತಲೆಯೆತ್ತಿದ.

"ಸಾರ್, ಸೋರಿಕೆಗೆ ಮೊಣಕೈ ಇರಲ್ಲ."

"ಅಂದ್ರೆ?"

"ಅಂದ್ರೆ ನಾನು ಬರ್ತೀನಿ ಸಾರ್."

ಹೋಗುವಾಗ ಒಂದು ಕಾಲಿಗೆ ಅವನ ಚಪ್ಪಲಿ, ಇನ್ನೊಂದಕ್ಕೆ ನನ್ನದು.

ಭಾನುವಾರ ಮಧ್ಯಾಹ್ನದವರೆಗೆ ನಾನು ಬಾಯಿ ಬಿಡಲಿಲ್ಲ. ಆಮೇಲೆ ತಡೆಯಲಾಗಲಿಲ್ಲ.

"ಮೇಸ್ತ್ರಿಗೆ ನಾಳೆ ಬರಬೇಡ ಅಂದುಬಿಡೋಣ ಕಣೇ."

"ಯಾಕೆ?"

"ಆ ಗೋಡೆ ಒಡೆಯೋದು ಒಬ್ಬರಿಗೆ ಇಷ್ಟ ಇಲ್ಲ."

"ನಿಮಗಾ?"

"ನನಗಲ್ಲ. ಅಮ್ಮನಿಗೆ."

ಹೆಂಡತಿ ಸೂಜಿ ಕೆಳಗಿಟ್ಟಳು. "ಅತ್ತೆ ಹೋಗಿ ಮೂರು ವರ್ಷ ಆಯ್ತು ರೀ."

"ಹೋಗಿಲ್ಲ. ಮಾಡೆಲ್ ಒಳಗಿದಾಳೆ."

ಗಂಡನಿಗೆ ತಲೆ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಅವಳು ಬಹಳ ಹಿಂದೆಯೇ ಬಂದಿದ್ದಳು. ಇದು ಬರೀ ರುಜುವಾತು. "ಎಲ್ಲಿ, ತೋರ್ಸಿ," ಎಂದು ಎದ್ದು ಬಂದಳು. ದೀಪ ಆರಿಸಿ ಪರದೆ ಎಳೆದೆ. ಒಂದು ರಂಧ್ರಕ್ಕೆ ಅವಳ ಕಣ್ಣು, ಇನ್ನೊಂದಕ್ಕೆ ನನ್ನದು. ಕೈ ಚಾಚಿ ಸೂರ್ಯನನ್ನು ಪಡುವಣಕ್ಕೆ ತಂದೆ.

ಅಮ್ಮ ಬಂದಳು.

ಹೆಂಡತಿ ಕಿರುಚುತ್ತಾಳೆ ಎಂದುಕೊಂಡೆ. ಅವಳು ಕಿರುಚಲಿಲ್ಲ. ನೆಟ್ಟಗೆ ನಿಂತು, ಕೂದಲು ಸರಿಮಾಡಿಕೊಂಡು, ಅತ್ತೆ ಕರೆದಾಗಲೆಲ್ಲ ಮಾಡುತ್ತಿದ್ದಂತೆ ಕೈ ಒರೆಸಿಕೊಂಡು, ಮತ್ತೆ ಬಗ್ಗಿದಳು.

"ಅತ್ತೆ, ನಾನು."

ಲ್ಯಾಂಪು ಹಿಡಿದ ಕೈ ನನಗೆ ತಿಳಿಯದಂತೆಯೇ ಗೋಡೆಯ ಹತ್ತಿರ ಹತ್ತಿರಕ್ಕೆ ಹೋಗುತ್ತಿತ್ತು.

"ಕೋಟಿನ ವಿಷಯ ನಿಮಗೆ ಗೊತ್ತಿರಬೇಕು ಅತ್ತೆ. ಇನ್ನೊಂದು ಬಟ್ಟೆ ಕೆಟ್ಟರೆ ನನಗೆ ಕೆಲಸ ಇರಲ್ಲ. ಇಷ್ಟು ವರ್ಷ ನಿಮ್ಮ ಮಾತು ಮೀರಿಲ್ಲ. ಇವರಂತೂ ನನ್ನ ಪರವಾಗಿ ಒಂದಿನ ಬಾಯಿ ಬಿಟ್ಟೋರಲ್ಲ."

"ಈಗ ಅದೆಲ್ಲ ಯಾಕೆ?" ಎಂದು ಪಿಸುಗುಟ್ಟಿದೆ.

"ನೀವು ಸುಮ್ನಿರಿ, ದೊಡ್ಡೋರ ಹತ್ರ ಮಾತಾಡ್ತಿದೀನಿ. ಅತ್ತೆ, ನೀವು ಬೇಡ ಅಂದ್ರೆ ಬೇಡ, ಹಾಗೇ ನಿಂತಿರಿ. ಒಪ್ಪಿಗೆ ಇದ್ರೆ ಮಾತ್ರ ಅಲ್ಲಿಂದ ಸರ್ಕೊಳ್ಳಿ."

ನಲ್ಲಿಯೂ ತೊಟ್ಟಿಕ್ಕುವುದನ್ನು ನಿಲ್ಲಿಸಿತ್ತು.

ಆಗ ಅಮ್ಮನ ತಲೆಯ ಅಂಚಿನಲ್ಲಿ ಒಂದು ಉರಿಯುವ ಗೆರೆ ಮೂಡಿತು. ನಾವು ನೋಡುತ್ತಿದ್ದಂತೆಯೇ ತಲೆ ಮೆಲ್ಲಗೆ ಮುಂದಕ್ಕೆ ಬಾಗಿತು. ಹೌದು ಎನ್ನುವಂತೆ! ಭುಜ ಬಾಗಿತು, ಸೊಂಟ ಬಾಗಿತು. ಮರುಕ್ಷಣ ಆಕೆ ಗೋಡೆ ಬಿಟ್ಟು ಕೆಳಗಿಳಿದು, ಬೆಂಕಿಯಷ್ಟು ಬೆಳ್ಳಗೆ, ಉದ್ದಕ್ಕೆ, ಮಂಚವನ್ನು ದಾಟಿ, ನೆಲದ ಮೇಲೆ ಹರಿದು ನೇರ ನಮ್ಮ ಕಣ್ಣಿನತ್ತ ಬಂದಳು!

ಕಿರುಚಿದ್ದು ನಾನು. ಹಿಂದಕ್ಕೆ ಹಾರಿದ್ದೂ ನಾನೇ. ನನ್ನ ಮೊಣಕಾಲು ಮೇಜಿಗೆ, ಮೇಜು ಮಾಡೆಲಿಗೆ, ಮಾಡೆಲು ನೆಲಕ್ಕೆ! ಸೂರ್ಯ ಠಪ್ ಎಂದು ಒಡೆದುಹೋದ.

ಹೆಂಡತಿ ಪರದೆ ಸರಿಸಿ ದೀಪ ಹಾಕಿದಳು. ಪಡುವಣ ಗೋಡೆ ಕಳಚಿ ನೆಲದ ಮೇಲೆ ಅಂಗಾತ ಬಿದ್ದಿತ್ತು. ಅದರ ನಡುವೆ ಒಂದು ತೂತು, ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸಿನ ಆಕಾರದ್ದು. ತೂತಿನ ಅಂಚಿಗೆ ಬಿಳಿ ಕಾಗದ, ಲ್ಯಾಂಪಿನ ಕಾವಿಗೆ ಅಂಟು ಬಿಟ್ಟು, ಸುರುಳಿ ಸುತ್ತಿಕೊಂಡು ನೇತಾಡುತ್ತಿತ್ತು.

ಆ ಅಂಚಿನ ಕೊಯ್ತ ನನ್ನದೇ ಬ್ಲೇಡಿನದು. ಯಾವುದೋ ಗ್ರಂಥಾಲಯದ ಮಾಡೆಲಿಗೆ, ಕಪಾಟಿನ ಮುಂದೆ ನಿಲ್ಲಿಸಲು ಇದೇ ಅಳತೆಯಲ್ಲಿ, ಈ ರಟ್ಟಿನಿಂದಲೇ ಒಬ್ಬ ಹೆಂಗಸನ್ನು ನಾನೇ ಕತ್ತರಿಸಿದ್ದೆ. ಹೆಂಗಸು ನಿಂತಿರುವುದನ್ನು ಬರೆ ಎಂದರೆ ನನ್ನ ಕೈ ಬರೆಯುವುದು ಅದೊಂದೇ ಭಂಗಿ. ಬೇರೆ ಯಾವುದನ್ನು ಕಂಡಿದ್ದೇನೆ? ಉಳಿದ ರಟ್ಟನ್ನು ಎಸೆಯಲು ಮನಸ್ಸಾಗದೆ ಮೂಲೆಗಿಟ್ಟು ಮರೆತಿದ್ದೆ. ಮಾಡೆಲಿನ ಅವಸರದಲ್ಲಿ ಎರಡೂ ಕಡೆ ಕಾಗದ ಅಂಟಿಸುವಾಗ ಅದರಲ್ಲಿ ತೂತಿದೆಯೇ ಎಂದು ನೋಡಿದವರು ಯಾರು?

ಹೆಂಡತಿ ನೆಲದ ಮೇಲೆ ಕುಳಿತು ನಕ್ಕಳು. ಕಣ್ಣೀರು ಒರೆಸಿಕೊಂಡು ಹೇಳಿದಳು: "ಏನೇ ಆಗ್ಲಿ, ಅತ್ತೆ ತಲೆಯಾಡಿಸಿದಾರೆ. ನಾಳೆ ಮೇಸ್ತ್ರಿ ಬರ್ಲಿ."

ಸೋಮವಾರ ಬೆಳಿಗ್ಗೆ ಆ ಗೋಡೆಯನ್ನು ಮತ್ತೆ ಅಂಟಿಸಿ, ತೂತಿನ ಸುತ್ತ ಪೆನ್ಸಿಲಿನಲ್ಲಿ ಚೊಕ್ಕವಾಗಿ ಚೌಕಾಕಾರದ ಕಿಟಕಿ ಗುರುತಿಸಿ, ನಾನು ಆಫೀಸಿಗೆ ಹೋದೆ. ಮೇಸ್ತ್ರಿ ಫೋನು ಮಾಡಿದ.

"ಸಾರ್, ಮೇಜಿನ ಮೇಲಿರೋ ಮಾಡೆಲ್ ನೋಡಿದೆ. ಹಾಗೇ ಒಡೀಲಾ?"

"ಹಾಗೇ! ಹತ್ತರಿಂದ ಗುಣಿಸಿಕೋ. ಒಂದಿಂಚು ಆಚೀಚೆ ಆಗಕೂಡದು."

"ಪೂರ್ತಿ ಹಾಗೇನಾ ಸಾರ್?"

"ಎಷ್ಟು ಸಲ ಹೇಳಬೇಕಯ್ಯಾ? ನನ್ನ ಮಾಡೆಲಿನಲ್ಲಿ ಹೇಗಿದೆಯೋ ಹಾಗೇ!"

"ಆಯ್ತು ಸಾರ್. ನಿಮ್ಮನೆ, ನಿಮ್ಮಿಷ್ಟ."

ಇಳಿಹೊತ್ತಿಗೆ ಮನೆಗೆ ಬಂದೆ. ಮೇಸ್ತ್ರಿ ಸಿಮೆಂಟು ಕೈ ತೊಳೆಯುತ್ತಿದ್ದ. "ನೋಡ್ಕೊಳ್ಳಿ ಸಾರ್, ಒಂದಿಂಚು ತಪ್ಪಿಲ್ಲ. ಆ ಮೊಣಕೈ ಬಿಡಿಸೋಷ್ಟರಲ್ಲಿ ಜೀವ ಹೋಯ್ತು. ಇದಕ್ಕೆ ಚೌಕಟ್ಟು ಮಾಡೋ ಬಡಗಿ ಎಲ್ಲಿ ಸಿಗ್ತಾನೋ, ಅದು ನಿಮ್ಮ ತಲೆನೋವು."

ಓಡಿದೆ. ಗೋಡೆಯಲ್ಲಿ, ಒಂದೂವರೆ ಮೀಟರು ಎತ್ತರಕ್ಕೆ, ಸೊಂಟದ ಮೇಲೆ ಕೈಯಿಟ್ಟ ಒಂದು ಆಕಾಶ ನಿಂತಿತ್ತು! ನೆಲದ ಮೇಲೆ ಅದೇ ಆಕಾರದ ಬಿಸಿಲು ಉದ್ದಕ್ಕೆ ಮಲಗಿತ್ತು. ಸೂರ್ಯ ಇಳಿದಂತೆಲ್ಲ ಅದು ಕೋಣೆಯೊಳಕ್ಕೆ ಸರಿಯುತ್ತಿತ್ತು. ಅದರ ತಲೆ ಆಗಲೇ ಮಂಚದ ಕಾಲನ್ನು ಮುಟ್ಟಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಹತ್ತಿ, ದಿಂಬಿನ ಮೇಲೆ ಒರಗುವ ಲಕ್ಷಣವಿತ್ತು.

ಆ ಬಿಸಿಲಿನ ಮಡಿಲಲ್ಲಿ ನನ್ನ ಹೆಂಡತಿ ಕುಳಿತಿದ್ದಳು. ಒಂದು ಮಂಡಿಯ ಮೇಲೆ ಕರಿ ದಾರ, ಇನ್ನೊಂದರ ಮೇಲೆ ಕಡುನೀಲಿ. ಯಾವುದು ಯಾವುದೆಂದು ನನಗೇ ಬಾಗಿಲಿನಿಂದ ಕಾಣುತ್ತಿತ್ತು.

"ನೀನು ನೋಡ್ತಾ ಸುಮ್ಮನಿದ್ದೆಯಾ?" ಎಂದು ಕೂಗಿದೆ.

"ನಾನು ಬರೋ ಹೊತ್ತಿಗೆ ಸೊಂಟದ ತನಕ ಆಗಿತ್ತು. ಅರ್ಧಕ್ಕೆ ನಿಲ್ಲಿಸಿದ್ರೆ ಅತ್ತೆಗೆ ಅವಮಾನ ಅಲ್ವಾ?"

ನಾಳೆಯೇ ಇದನ್ನು ಚೌಕ ಮಾಡಿಸುತ್ತೇನೆ, ಆರ್ಕಿಟೆಕ್ಟ್ ಎನಿಸಿಕೊಂಡವನ ಮನೆಯಲ್ಲಿ ಇಂಥದ್ದೊಂದು ಇರಕೂಡದು ಎಂದು ಗುಡುಗುತ್ತಾ, ಟೇಪು ಬಿಚ್ಚಿ, ಅಳತೆ ತೆಗೆಯಲು ಆ ತೂತಿನ ಮುಂದೆ ಹೋಗಿ ನಿಂತೆ. ಕೋಣೆ ಗಕ್ಕನೆ ಕಪ್ಪಾಯಿತು.

ಕತ್ತಲೊಳಗಿಂದ ಹೆಂಡತಿಯ ದನಿ ಬಂತು:

"ಅತ್ತೆಗೆ ಒಂದು ಮಾತು ಹೇಳಿದ್ದಕ್ಕೆ ಸರಿದ್ರು ರೀ. ಇಷ್ಟು ವರ್ಷ ಬೆಳಕಿಗೆ ಅಡ್ಡ ನಿಂತಿದ್ದು ಯಾರು ಅಂತ ಈಗ ಗೊತ್ತಾಯ್ತು!"